ಬೀಗ ಹಾಕಿದ ಮನೆಗಳ ಪಟ್ಟಿ

ನಮ್ಮ ಸಮಾಜಕಾರ್ಯ ವಿಭಾಗದ ಕಬ್ಬಿಣದ ಬೀರುವಿನ ಕೀಲಿಕೈ ಇಪ್ಪತ್ತು ವರ್ಷ ನನ್ನ ಕೈಚೀಲದಲ್ಲಿತ್ತು. ಅದರೊಳಗೆ ಕಳ್ಳರು ಆಸೆಪಡುವಂಥದ್ದು ಏನೂ ಇರಲಿಲ್ಲ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಪುಸ್ತಕಗಳು, ರೆಕ್ಸಿನ್ ಹೊದಿಸಿದ ಶಿಬಿರ ವರದಿಗಳು, ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟ ಡ್ರಾಯಿಂಗ್ ಶೀಟುಗಳು, ಒಂದಿಷ್ಟು ನುಸಿಗುಳಿಗೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗ ಅವನ್ನೆಲ್ಲ ಹೊರಗೆ ತೆಗೆದು, ಒರೆಸಿ, ಮೇಜಿನ ಮೇಲೆ ಜೋಡಿಸುತ್ತಿದ್ದೆವು. ತಂಡ ಹೊರಟ ಸಂಜೆ ಮತ್ತೆ ಒಳಗೆ ತುಂಬುತ್ತಿದ್ದೆವು.

ನಾನು ಉಪನ್ಯಾಸಕಿಯಾಗಿ ಸೇರಿದ್ದು 1991ರಲ್ಲಿ, ಮಧ್ಯ ಕರ್ನಾಟಕದ ಒಂದು ಕಾಲೇಜಿಗೆ. ನಿವೃತ್ತಳಾದದ್ದು 2022ರಲ್ಲಿ. ಅಷ್ಟು ವರ್ಷವೂ ನೆಂಟರ ಪಾಲಿಗೆ ನಾನು ಸಮಾಜಶಾಸ್ತ್ರದ ಮೇಡಂ. ಸಮಾಜಶಾಸ್ತ್ರವಲ್ಲ, ಸಮಾಜಕಾರ್ಯ ಎಂದು ತಿದ್ದಿದರೆ, "ಓ, ಸಮಾಜಸೇವೆ" ಎನ್ನುತ್ತಿದ್ದರು. ನನ್ನ ಸೋದರಮಾವ ಒಮ್ಮೆ ಊಟದ ಪಂಕ್ತಿಯಲ್ಲೇ ಕೇಳಿದರು: "ಸೇವೆ ಮಾಡುವುದಕ್ಕೆ ಡಿಗ್ರಿ ಯಾಕಮ್ಮ? ಒಳ್ಳೆಯ ಮನಸ್ಸಿದ್ದರೆ ಸಾಲದೇ?" ಆಗ ನನ್ನ ಬಳಿ ಇದ್ದದ್ದು ಪುಸ್ತಕದ ಉತ್ತರ. ಮುಂಬೈಯ ನಾಗಪಾಡದ ಬಡವರ ಕೇರಿಯಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿಗೂ ಇದೇ ಪ್ರಶ್ನೆ ಎದುರಾಗಿತ್ತು, ಮನಸ್ಸೊಂದೇ ಸಾಲದು ಎಂದು ತೋರಿದ್ದರಿಂದಲೇ 1936ರಲ್ಲಿ ಟಾಟಾ ದತ್ತಿಯ ನೆರವಿನಿಂದ ದೇಶದ ಮೊದಲ ಸಮಾಜಕಾರ್ಯ ಶಾಲೆ ಅಲ್ಲಿ ಶುರುವಾಯಿತು, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಎಂಬ ಸಮಾಜಕಾರ್ಯ ಶಾಲೆ ಬಂತು ಎಂದೆಲ್ಲ ಹೇಳಿದೆ. ಮಾವ ಅಷ್ಟರಲ್ಲಿ ಮಜ್ಜಿಗೆ ಅನ್ನಕ್ಕೆ ಬಂದಿದ್ದರು. ಅವರ ಪ್ರಶ್ನೆಗೆ ನನ್ನದೇ ಆದ ಉತ್ತರ ಸಿಗಲು ಹದಿನೆಂಟು ವರ್ಷ ಬೇಕಾಯಿತು.

ನಮ್ಮ ಕೋರ್ಸಿನ ಜೀವ ಇರುವುದು ಕ್ಷೇತ್ರಕಾರ್ಯದಲ್ಲಿ. ವಾರದಲ್ಲಿ ನಾಲ್ಕು ದಿನ ತರಗತಿ, ಎರಡು ದಿನ ಹೊರಗೆ. ಒಬ್ಬರಿಗೆ ಆಸ್ಪತ್ರೆ, ಒಬ್ಬರಿಗೆ ಬಾಲಮಂದಿರ, ಇಬ್ಬರಿಗೆ ಕೊಳೆಗೇರಿ, ಇನ್ನಿಬ್ಬರಿಗೆ ಗ್ರಾಮ ಪಂಚಾಯಿತಿ. ಹೋಗಿ ಬಂದವರು ಕಂಡದ್ದನ್ನೂ ಮಾಡಿದ್ದನ್ನೂ ಬರೆದು ತರಬೇಕು. ಅದನ್ನು ಮುಂದಿಟ್ಟುಕೊಂಡು ಮೇಲ್ವಿಚಾರಕರು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆಯೂ ಕುಳಿತು ಮಾತನಾಡಬೇಕು. ಇದರ ಹೆಸರು ಇಂಡಿವಿಜುವಲ್ ಕಾನ್ಫರೆನ್ಸ್, ವಿದ್ಯಾರ್ಥಿಗಳ ಬಾಯಲ್ಲಿ 'ಐಸಿ'. "ಇವತ್ತು ನನ್ನ ಐಸಿ ಇದೆ" ಎಂದು ಅವರು ಹೇಳುವ ಧಾಟಿಗೂ ಹಲ್ಲು ಕೀಳಿಸಿಕೊಳ್ಳಲು ಹೊರಟವರ ಧಾಟಿಗೂ ಅಂಥ ವ್ಯತ್ಯಾಸವಿರುತ್ತಿರಲಿಲ್ಲ. ತಪ್ಪು ಅವರದಲ್ಲ. ಮೊದಮೊದಲು ನಾನು ಐಸಿಯಲ್ಲಿ ಹುಡುಕುತ್ತಿದ್ದದ್ದು ತಾರೀಖು, ಸಂಸ್ಥೆಯ ಸಹಿ ಮತ್ತು ಒಟ್ಟು ಗಂಟೆ. ಈ ಮೂರೂ ಇದ್ದರೆ ಕೆಂಪು ಶಾಯಿಯಲ್ಲಿ 'ನೋಡಿದೆ' ಎಂದು ಬರೆಯುತ್ತಿದ್ದೆ. ನಿಜಕ್ಕೂ ನೋಡುತ್ತಿರಲಿಲ್ಲ.

ಅದು ಗೊತ್ತಾದದ್ದು ಒಬ್ಬ ಅಜ್ಜಿಯಿಂದ. 2007ರಲ್ಲಿ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಅರವತ್ತೈದು ದಾಟಿದವರಿಗೆ ಪಿಂಚಣಿ. ಕೊಳೆಗೇರಿಗೆ ಹೋಗುತ್ತಿದ್ದ ನಮ್ಮ ಹುಡುಗನೊಬ್ಬ ಬಹಳ ಉತ್ಸಾಹದಿಂದ ಆ ಅಜ್ಜಿಯ ಅರ್ಜಿ ತುಂಬಿದ, ವಯಸ್ಸಿನ ದೃಢೀಕರಣಕ್ಕೆ ಆಸ್ಪತ್ರೆಗೆ ಕರೆದೊಯ್ದ, ಫೋಟೋ ತೆಗೆಸಿದ. ಅವನ ವರದಿ ಇಡೀ ತರಗತಿಗೆ ಮಾದರಿ ಎಂದು ನಾನೇ ಓದಿ ಹೇಳಿದ್ದೆ. ಮಾರ್ಚ್ ಮುಗಿಯಿತು, ಪರೀಕ್ಷೆ ಬಂತು, ಹುಡುಗ ಪಾಸಾಗಿ ಬೆಂಗಳೂರಿಗೆ ಹೋದ. ಮುಂದಿನ ಜುಲೈನಲ್ಲಿ ಹೊಸ ಇಬ್ಬರನ್ನು ಅದೇ ಕೇರಿಗೆ ಕರೆದುಕೊಂಡು ಹೋದೆ. ಅಜ್ಜಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು. "ನನ್ನ ಮೊಮ್ಮಗ ಎಲ್ಲಿ ತಾಯಿ? ಕಾಗದವೆಲ್ಲ ಅವನ ಹತ್ತಿರ ಇದೆ" ಎಂದಳು.

ಕಾಗದ ಅವನ ಹತ್ತಿರ ಇರಲಿಲ್ಲ. ನನ್ನ ಬೀರುವಿನಲ್ಲಿತ್ತು. ವರದಿಗೆ ಅನುಬಂಧ ಒಂದು, ಎರಡು, ಮೂರು ಎಂದು ಅಂದವಾಗಿ ಪಿನ್ನು ಹೊಡೆದು ಸಲ್ಲಿಸಿದ್ದ, ಮೂಲ ಪ್ರತಿಗಳನ್ನೇ. ಆ ಪುಟಗಳ ಮೇಲೂ ನಾನು 'ನೋಡಿದೆ' ಎಂದು ಬರೆದಿದ್ದೆ.

ಅವತ್ತೇ ಅವನ್ನು ತೆಗೆದುಕೊಂಡು ನಾಡಕಚೇರಿಗೆ ಹೋದೆ. ಪಿಂಚಣಿ ಮಂಜೂರಾಗಲು ಇನ್ನೂ ಐದು ತಿಂಗಳು ಹಿಡಿಯಿತು. ಅದಾದ ಮೇಲೆ ಒಂದು ಉದ್ದನೆಯ ನೋಟ್ ಬುಕ್ ತಂದು, ಹೋಗುವವರು ಬರುವವರಿಗೆ ಒಪ್ಪಿಸುವ ಪುಸ್ತಕ ಎಂದು ಮಾಡಿದೆ. ಯಾರ ಅರ್ಜಿ ಯಾವ ಮೇಜಿನ ಮೇಲಿದೆ, ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾರಿಗೆ ಆಗುವುದಿಲ್ಲ ಎಂದು ಹೇಳಿಬಿಡಬೇಕು ಎಂಬಿಷ್ಟು. ವಿಶ್ವವಿದ್ಯಾಲಯದ ನಿಯಮದಲ್ಲಿ ಅಂಥ ಪುಸ್ತಕಕ್ಕೆ ಅಂಕವಿಲ್ಲ. ಹಾಗಾಗಿ ಅದನ್ನು ಬರೆಸಲು ನಾನು ಪ್ರತಿವರ್ಷ ಗದರಬೇಕಾಗುತ್ತಿತ್ತು.

ಇನ್ನು ಶಿಬಿರದ ವಿಷಯ. ಮೊದಲ ವರ್ಷದವರಿಗೆ ವಾರದ ಗ್ರಾಮೀಣ ಶಿಬಿರ ಕಡ್ಡಾಯ. ಅದನ್ನು ನಡೆಸುವ ಬಗೆಯನ್ನು ನಾವು ಹೆಚ್ಚುಕಡಿಮೆ ಎನ್‌ಎಸ್‌ಎಸ್‌ನಿಂದ ಎತ್ತಿಕೊಂಡಿದ್ದೆವು. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಕ್ಕೆ 240 ಗಂಟೆಯ ಸೇವೆ, ಏಳು ದಿನದ ವಿಶೇಷ ಶಿಬಿರ. ನಾನೂ ಕೆಲವು ವರ್ಷ ಅದರ ಅಧಿಕಾರಿಯಾಗಿದ್ದೆ, ಅದರ ಬಗ್ಗೆ ನನಗೆ ಗೌರವವಿದೆ. ಹಾಸ್ಟೆಲ್ಲಿನಲ್ಲಿ ಸ್ವಂತ ತಟ್ಟೆ ತೊಳೆಯದ ಹುಡುಗರು ಅಲ್ಲಿ ಐವತ್ತು ಜನರ ಪಾತ್ರೆ ತಿಕ್ಕುವುದನ್ನು ನೋಡಿದ್ದೇನೆ. ಆದರೆ ಸಮಾಜಕಾರ್ಯದ ಶಿಬಿರವೂ ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಸಮೀಕ್ಷೆ, ಸಂಜೆ ಬೀದಿ ನಾಟಕ, ಕೊನೆಯ ದಿನ ಗಣ್ಯರಿಗೆ ಹಾರ ಎಂಬಂತಾಗಿತ್ತು. ನಾವು ಚರಂಡಿ ಬಳಿಯುತ್ತಿದ್ದೆವು, ಊರಿನವರು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. ಒಮ್ಮೆ ಒಬ್ಬ ಯಜಮಾನರು, "ಮುಂದಿನ ವರ್ಷವೂ ಬನ್ನಿ, ಅಷ್ಟರಲ್ಲಿ ತುಂಬಿರುತ್ತದೆ" ಎಂದು ತುಂಬಾ ವಿಶ್ವಾಸದಿಂದಲೇ ಹೇಳಿದರು.

2009ರ ಜನವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಲಂಬಾಣಿ ತಾಂಡಾದಲ್ಲಿ ಶಿಬಿರ ಹಾಕಿದೆವು. ಜನವರಿಯೇ ಯಾಕೆ? ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಯುತ್ತದೆ, ಮುಂದಿನ ಪಾಠಗಳು ಇನ್ನೂ ಶುರುವಾಗಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ನಾನು ಸೇರುವ ಮೊದಲಿನಿಂದಲೂ ಜನವರಿಯೇ.

ಇಪ್ಪತ್ತನಾಲ್ಕು ವಿದ್ಯಾರ್ಥಿಗಳು ಶಾಲೆಯ ಎರಡು ಕೋಣೆಗಳಲ್ಲಿ ಚಾಪೆ ಹಾಸಿಕೊಂಡರು. ಮೊದಲ ದಿನದ ಸಮೀಕ್ಷೆಯ ಹಾಳೆಗಳು ಸಂಜೆ ನನ್ನ ಕೈಗೆ ಬಂದವು. ಯಜಮಾನನ ಹೆಸರು, ವಯಸ್ಸು, ಉದ್ಯೋಗ, ಶೌಚಾಲಯ ಇದೆಯೇ ಇಲ್ಲವೇ. ಹಾಳೆ ತಿರುವುತ್ತ ಹೋದಂತೆ ಒಂದೇ ಪದ ಎದುರಾಯಿತು: ಬೀಗ. ಬೀಗ. ಬೀಗ. ತೊಂಬತ್ತನಾಲ್ಕು ಮನೆಗಳಲ್ಲಿ ನಲವತ್ತೊಂದಕ್ಕೆ ಬೀಗ. ಉಳಿದ ಮನೆಗಳಲ್ಲಿ ಮುದುಕರು ಮತ್ತು ಮಕ್ಕಳು. ರಾತ್ರಿಯ ಸಭೆಯಲ್ಲಿ ಒಬ್ಬ ಜಾಣ ವಿದ್ಯಾರ್ಥಿ, "ಜನರಿಂದ ಸಹಕಾರ ಇಲ್ಲ, ನಿರಾಸಕ್ತಿ ಇದೆ" ಎಂದು ವರದಿ ಒಪ್ಪಿಸಿದ. 'ನಿರಾಸಕ್ತಿ' ನಮ್ಮ ಪಠ್ಯದಲ್ಲಿ ಪಾಠದ ಶೀರ್ಷಿಕೆಯಾಗಿಯೇ ಇದೆ. ಅವನು ಅದನ್ನು ಕ್ಷೇತ್ರದಲ್ಲಿ ಕಂಡುಹಿಡಿದ ಖುಷಿಯಲ್ಲಿದ್ದ.

ಮರುದಿನ ಪಿಆರ್‌ಎ ಇತ್ತು. ಸಹಭಾಗಿ ಗ್ರಾಮೀಣ ಸಮೀಕ್ಷೆ. ಪ್ರಶ್ನೆಪತ್ರಿಕೆ ಬದಿಗಿಟ್ಟು, ಊರಿನವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸುವ ಕ್ರಮ. ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ಮುಖ್ಯರು. ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ಇದನ್ನು ಬಹಳ ಬೇಗ ಬಳಕೆಗೆ ತಂದಿತು. ನಮ್ಮವರು ಪೇಟೆಯಿಂದ ಐದು ಬಣ್ಣದ ರಂಗೋಲಿ ಪುಡಿ, ಎರಡು ಸೇರು ಹುಣಸೆ ಬೀಜ ತಂದಿದ್ದರು. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ಹನ್ನೆರಡು ಚೌಕ ಹಾಕಿ, ಜನವರಿ, ಫೆಬ್ರವರಿ ಎಂದು ಬರೆದರು. ಯಾವ ತಿಂಗಳಲ್ಲಿ ಎಷ್ಟು ಕೆಲಸ ಸಿಗುತ್ತದೋ ಅಷ್ಟು ಬೀಜ ಇಡಿ ಎಂದು ಹೇಳಿದರು.

ಐದಾರು ಮುದುಕಿಯರು ಕುಳಿತಿದ್ದರು. ಅವರಲ್ಲಿ ಒಬ್ಬಳು, ಮುಂಗೈಯಿಂದ ಮೊಣಕೈವರೆಗೆ ಬಳೆ ತೊಟ್ಟವಳು, ಸ್ವಲ್ಪ ಹೊತ್ತು ಚೌಕಗಳನ್ನೇ ನೋಡಿದಳು. ಆಮೇಲೆ ಎದ್ದು ಬಂದು ಅಂಗಾಲಿನಿಂದ ಜನವರಿಯನ್ನು ಅಳಿಸಿದಳು. ಫೆಬ್ರವರಿಯನ್ನೂ ಅಳಿಸಿದಳು. "ವರ್ಷ ಇಲ್ಲಿಂದ ಶುರುವಾಗುವುದಿಲ್ಲ" ಎಂದಳು. ಯುಗಾದಿಯಿಂದ ಹೊಸದಾಗಿ ಗೆರೆ ಎಳೆಯುವಂತೆ ಮಾಡಿದಳು. ರೋಹಿಣಿ ಮಳೆ, ಆರಿದ್ರಾ ಮಳೆ, ಶೇಂಗಾ ಬಿತ್ತನೆ, ಕಳೆ, ಶೇಂಗಾ ಕೀಳುವುದು, ಒಂದೊಂದಕ್ಕೂ ಎರಡು ಬೀಜ, ಮೂರು ಬೀಜ, ಐದು ಬೀಜ ಇಡುತ್ತ ಬಂದಳು. ದೀಪಾವಳಿಯವರೆಗೆ ಬಂದು ಕೈ ನಿಲ್ಲಿಸಿದಳು. ಬೊಗಸೆಯಲ್ಲಿ ಉಳಿದ ಬೀಜವನ್ನೆಲ್ಲ ತೆಗೆದುಕೊಂಡು ಹೋಗಿ, ಚೌಕಗಳಿಂದ ಹತ್ತು ಮಾರು ಆಚೆ, ಬೇವಿನ ಬುಡದಲ್ಲಿ ಸುರಿದು ಬಂದಳು.

"ಅಜ್ಜೀ, ಬೀಜ ಇಲ್ಲಿ ಇಡಬೇಕು, ಚೌಕದ ಒಳಗೆ" ಎಂದ ನಮ್ಮ ಜಾಣ ಹುಡುಗ.

"ಅದು ಇಲ್ಲಿ ಇಲ್ಲವಲ್ಲ ಮಗನೇ. ಅದು ಕಾಫಿ ತೋಟದಲ್ಲಿದೆ" ಎಂದಳು.

ದೀಪಾವಳಿ ಮುಗಿದ ಮೇಲೆ ಮೇಸ್ತ್ರಿ ಬರುತ್ತಾನೆ, ಮುಂಗಡ ಕೊಡುತ್ತಾನೆ, ಲಾರಿ ಹತ್ತಿಸುತ್ತಾನೆ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹಣ್ಣು ಕುಯ್ಯುವ ಕೆಲಸ. ಮೊದಲು ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಹೋಳಿ ಹಬ್ಬಕ್ಕೆ ವಾಪಸು. ಉದ್ಯೋಗ ಖಾತರಿಯ ಮೊದಲ ಹಂತದಲ್ಲೇ, 2006ರಲ್ಲೇ, ಚಿತ್ರದುರ್ಗ ಜಿಲ್ಲೆ ಸೇರಿತ್ತು. ಜಾಬ್ ಕಾರ್ಡ್ ಹಲವರ ಮನೆಯ ಸೂರಿನಲ್ಲಿ ಸಿಕ್ಕಿಸಿತ್ತು ಕೂಡ. ಆದರೆ ಅದರ ಕೂಲಿ ಯಾವಾಗ ಬರುತ್ತದೋ ಬರಲಿ, ಮೇಸ್ತ್ರಿಯ ಮುಂಗಡ ಇವತ್ತೇ ಕೈಯಲ್ಲಿರುತ್ತದೆ. ಇದರಲ್ಲಿ ನಿರಾಸಕ್ತಿ ಎಲ್ಲಿದೆ? ಅವರು ಕೆಲಸಕ್ಕೆ ಹೋಗಿದ್ದರು, ನಾವು ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಕದ ತಟ್ಟುತ್ತಿದ್ದೆವು. ಎಷ್ಟೋ ವರ್ಷಗಳಿಂದ ಎಷ್ಟೋ ಊರುಗಳಲ್ಲಿ ಹಾಗೆ ತಟ್ಟಿ, ಸಹಕಾರ ಸಾಲದು ಎಂದು ಬರೆದು, ರೆಕ್ಸಿನ್ ಹೊದಿಸಿ ಬೀರುವಿನಲ್ಲಿಟ್ಟಿದ್ದೆವು. ಸೋದರಮಾವನಿಗೆ ಕೊಡಬೇಕಿದ್ದ ಉತ್ತರ ಅಲ್ಲಿ ಸಿಕ್ಕಿತು. ನಮ್ಮ ಮನಸ್ಸು ಒಳ್ಳೆಯದೇ ಇತ್ತು, ಪಂಚಾಂಗ ತಪ್ಪಾಗಿತ್ತು.

ಆ ಶಿಬಿರದಲ್ಲಿ ಇನ್ನೊಂದು ನಡೆಯಿತು. ನಮ್ಮ ಗುಂಪಿನಲ್ಲಿ ಬಹಳ ಕಡಿಮೆ ಮಾತಿನ ಹುಡುಗಿಯೊಬ್ಬಳಿದ್ದಳು. ಐಸಿಗೆ ಬಂದರೆ ಮೂರು ಸಾಲಿನ ವರದಿ, ಕೇಳಿದ್ದಕ್ಕಷ್ಟೇ ಉತ್ತರ. 'ಇನ್ನೂ ಚುರುಕಾಗಬೇಕು' ಎಂದು ಎರಡು ಸಲ ಬರೆದಿದ್ದೆ. ಬೀಜ ಸುರಿದ ಅಜ್ಜಿ ಹಿಂದಿರುಗುವಾಗ ಕಲ್ಲು ಎಡವಿ ಮುಗ್ಗರಿಸಿದಳು. ಈ ಹುಡುಗಿ ಓಡಿಹೋಗಿ ಹಿಡಿದುಕೊಂಡಳು, "ಯಾಡೀ!" ಎಂದು ಕೂಗಿದಳು. ಲಂಬಾಣಿಯಲ್ಲಿ ಯಾಡಿ ಎಂದರೆ ತಾಯಿ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಮುದುಕಿಯರು ಅವಳನ್ನು ಸುತ್ತುವರಿದು ಒಂದೇ ಉಸಿರಿಗೆ ಮಾತನಾಡತೊಡಗಿದರು. ಅವಳು ತಲೆ ತಗ್ಗಿಸಿಕೊಂಡು, ನಮ್ಮ ಕಡೆ ನೋಡದೆ, ಮೆಲ್ಲಗೆ ಉತ್ತರ ಕೊಡುತ್ತಿದ್ದಳು.

ಆ ರಾತ್ರಿ ಶಾಲೆಯ ಮೆಟ್ಟಿಲ ಮೇಲೆ ಅವಳ ಐಸಿ ನಡೆಯಿತು. ತಾರೀಖೂ ಇಲ್ಲ, ಪುಸ್ತಕವೂ ಇಲ್ಲ. ಭಾಷೆ ಬರುತ್ತದೆ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

"ಹೇಳಿದರೆ ಭಾಷೆ ಮಾತ್ರ ಗೊತ್ತಾಗುತ್ತಿತ್ತಾ ಮೇಡಂ?" ಎಂದಳು.

ಉಳಿದದ್ದನ್ನು ನಾನೇ ಅರ್ಥ ಮಾಡಿಕೊಳ್ಳಬೇಕಿತ್ತು. ಹಾಸ್ಟೆಲ್ಲಿನಲ್ಲಿ ಅವಳ ಕೋಣೆಯವರಿಗೂ ಅವಳು ತಾಂಡಾದವಳು ಎಂದು ಗೊತ್ತಿರಲಿಲ್ಲ. ಅವಳ ಅಪ್ಪ ಅಮ್ಮನೂ ಆ ಹೊತ್ತಿನಲ್ಲಿ ಯಾವುದೋ ತೋಟದಲ್ಲಿ ಕೂಲಿಯವರಿಗೆಂದು ಕಟ್ಟಿದ ಲೈನ್ ಮನೆಯಲ್ಲಿದ್ದರು. ತರಗತಿಯಲ್ಲಿ ನಾನು 'ಅಂಚಿನ ಸಮುದಾಯಗಳು' ಎಂಬ ಪಾಠವನ್ನು ಕೈ ಆಡಿಸಿಕೊಂಡು ಮಾಡುವಾಗ ಈ ಹುಡುಗಿ ಎರಡನೆಯ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡಿದ್ದಳು.

ನಾನು ಅವಳಿಗೆ ಏನನ್ನೂ ಒತ್ತಾಯ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಬೀಗದ ಹಾಳೆಗಳನ್ನು ಕೇಳಿ ತೆಗೆದುಕೊಂಡಳು. ಎರಡು ದಿನ ಆ ಬಳೆಯ ಅಜ್ಜಿಯ ಜೊತೆ ತಾಂಡಾ ಸುತ್ತಿದಳು. 'ಬೀಗ' ಎಂದಿದ್ದ ಒಂದೊಂದು ಹಾಳೆಯ ಹಿಂಬದಿಯಲ್ಲೂ ಬರೆದಳು: ಯಾರ ಮನೆ, ಯಾರ ಮಗ, ಎಷ್ಟು ಜನ ಹೋಗಿದ್ದಾರೆ, ಮಕ್ಕಳು ಜೊತೆಗೆ ಹೋಗಿದ್ದಾರಾ ಇಲ್ಲೇ ಇದ್ದಾರಾ, ಎಷ್ಟು ಮುಂಗಡ. ಕೊನೆಗೆ ರಂಗೋಲಿಯ ನಕ್ಷೆಯನ್ನು ಡ್ರಾಯಿಂಗ್ ಶೀಟಿಗೆ ಇಳಿಸುವಾಗ ಬೀಗದ ಮನೆಗಳಿಗೆಲ್ಲ ಕೆಂಪು ಬಣ್ಣ ಹಾಕಿ, ಪಕ್ಕದಲ್ಲಿ ಹೆಸರು ಬರೆದಳು. ಸೇವಾಲಾಲರ ಗುಡಿ, ಮರಿಯಮ್ಮನ ಗುಡಿ, ತಾಂಡಾದ ನಾಯಕನ ಮನೆ, ಅವನ ನೆರವಿಗಿರುವ ಕಾರಭಾರಿಯ ಮನೆ, ಬೋರ್‌ವೆಲ್, ಎಲ್ಲವೂ ಇದ್ದವು. ಆ ಶಿಬಿರದಿಂದ ಬಂದ ಉಪಯುಕ್ತ ಕಾಗದ ಅದೊಂದೇ.

ಶಿಬಿರದ ತಿಂಗಳು ಬದಲಿಸಲು ಎರಡು ವರ್ಷ ಬೇಕಾಯಿತು. ಮಾರ್ಚಿನಲ್ಲಿ ಆಂತರಿಕ ಪರೀಕ್ಷೆ ಬರುತ್ತದೆ, ಬಸ್ಸು ಸಿಗುವುದಿಲ್ಲ, ಬಿಸಿಲು, ಹೆಣ್ಣುಮಕ್ಕಳ ಪೋಷಕರು ಒಪ್ಪುವುದಿಲ್ಲ, ಹಿಂದಿನವರಿಗೆ ಬುದ್ಧಿ ಇರಲಿಲ್ಲವೇ? ಕೊನೆಯ ಪ್ರಶ್ನೆ ಕೇಳಿದವರು ಹಿರಿಯರು, ಅವರಿಗೆ ಉತ್ತರ ಕೊಡಲಿಲ್ಲ. 2011ರ ಶಿಬಿರ ಹೋಳಿಯ ಮಾರನೆಯ ದಿನ ಶುರುವಾಯಿತು. ಬಿಸಿಲು ನಿಜಕ್ಕೂ ಕೆಟ್ಟದಾಗಿತ್ತು, ಇಬ್ಬರು ವಿದ್ಯಾರ್ಥಿಗಳಿಗೆ ವಾಂತಿಯಾಯಿತು. ಆದರೆ ರಾತ್ರಿ ಎಂಟು ಗಂಟೆಗೆ ಸಭೆ ಕರೆದರೆ ಕೂರಲು ಜಾಗ ಇರಲಿಲ್ಲ. ಶ್ರಮದಾನ ಬಿಟ್ಟೆವು. ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗುವವರು ಯಾರು, ಅವರ ಊಟ, ಶಾಲೆಗೆ ಏನು ವ್ಯವಸ್ಥೆ ಎಂಬುದೊಂದೇ ವಿಷಯವನ್ನು ಹಿಡಿದುಕೊಂಡು ನಾಲ್ಕು ವರ್ಷ ಅದೇ ತಾಂಡಾಕ್ಕೆ ಹೋದೆವು. ಒಂದು ವರ್ಷ ವಲಸೆ ಮಕ್ಕಳಿಗೆ ಋತುಮಾನದ ವಸತಿ ಸಿಕ್ಕಿತು, ಮರುವರ್ಷ ಸಿಗಲಿಲ್ಲ. ಗೆದ್ದೆವು ಎಂದು ಹೇಳುವ ಹಾಗಿಲ್ಲ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ಹೋಳಿಗೆ ಬಾರದೆ ಉಳಿದಿದ್ದ ಕೆಲವು ಕುಟುಂಬಗಳು ತೋಟದ ಲೈನ್ ಮನೆಗಳಲ್ಲೇ ಸಿಕ್ಕಿಕೊಂಡವು. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದ ಮೊಬೈಲಿನಲ್ಲೇ ಆ ಕುಟುಂಬಗಳಿಗೂ ತಹಶೀಲ್ದಾರರ ಕಚೇರಿಗೂ ನಡುವೆ ಮಾತು ದಾಟಿಸಿದರು. ಆ ವರ್ಷದ ಕ್ಷೇತ್ರಕಾರ್ಯಕ್ಕೆ ಗಂಟೆ ಲೆಕ್ಕ ಹಾಕುವುದು ಹೇಗೆ ಎಂದು ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದನ್ನು ಇಲ್ಲಿ ಬರೆಯುವಷ್ಟು ಉತ್ಸಾಹ ನನಗಿಲ್ಲ.

2021ರ ಕೊನೆಯಲ್ಲಿ, ನನ್ನ ನಿವೃತ್ತಿಗೆ ಕೆಲವೇ ತಿಂಗಳು ಇದ್ದಾಗ, ವಿಭಾಗದ ಬಾಗಿಲಲ್ಲಿ ಬಿಳಿ ರುಮಾಲಿನ ಒಬ್ಬರು ನಿಂತಿದ್ದರು. ತಾಂಡಾದ ಕಾರಭಾರಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಟೀ ತರಿಸಿದೆ.

"ಮೇಡಮ್ಮನವರೇ, ನಿಮ್ಮ ಮಕ್ಕಳು ಬರೆದುಕೊಂಡು ಹೋದ ನಕ್ಷೆ ಇದೆಯಾ?" ಎಂದು ಕೇಳಿದರು.

ತಾಂಡಾ, ಹಟ್ಟಿಗಳಂಥ ದಾಖಲೆ ಇಲ್ಲದ ವಸತಿಗಳನ್ನು ಕಂದಾಯ ಗ್ರಾಮ ಮಾಡಿ, ಮನೆಯವರಿಗೆ ಹಕ್ಕುಪತ್ರ ಕೊಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿದ್ದ ಕಾಲ ಅದು. ನಮ್ಮ ನಕ್ಷೆಗೆ ಕಾನೂನಿನ ಬೆಲೆ ಇಲ್ಲ, ಅಳತೆ ಮಾಡುವವರು ಅದನ್ನು ಮುಟ್ಟುವುದೂ ಇಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು. ಕಚೇರಿಗೆ ಕೊಡಲು ಅಲ್ಲವಂತೆ. ತೋಟಕ್ಕೆ ಹೋದವರಲ್ಲಿ ಕೆಲವರು ಅಲ್ಲೇ ನಿಂತುಬಿಟ್ಟಿದ್ದಾರೆ, ಬೀಗ ಹಾಕಿದ ಮನೆಗಳು ಬಿದ್ದುಹೋಗಿವೆ, ಹಕ್ಕುಪತ್ರ ಎಂದ ಕೂಡಲೇ ಮಣ್ಣಿನ ಗುಡ್ಡೆಗೆ ಮೂವರು ವಾರಸುದಾರರು ಎದ್ದಿದ್ದಾರೆ. ಹಳೆಯದನ್ನು ಹೇಳುತ್ತಿದ್ದ ಮುದುಕಿ ತೀರಿಕೊಂಡಿದ್ದಾಳೆ. "ನಮ್ಮ ಪಂಚಾಯಿತಿಯಲ್ಲಿ ಬಿಚ್ಚಿಟ್ಟರೆ ಸಾಕು, ಮಾತು ನಿಲ್ಲುತ್ತದೆ" ಎಂದರು.

ಬೀರು ತೆಗೆದೆ. 2009ರ ಸುರುಳಿ ಕೆಳಗಿನ ಖಾನೆಯಲ್ಲಿತ್ತು. ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ಒಂದು ಅಂಚು ಹರಿಯಿತು. ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟೆವು. ಕೆಂಪು ಮಸುಕಾಗಿ ಕಂದಾಗಿತ್ತು, ಹೆಸರುಗಳು ಮಾತ್ರ ಓದಲು ಬರುತ್ತಿದ್ದವು. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಮನೆ ದಾಟುತ್ತ ಹೋದರು. ಮಧ್ಯೆ ಒಂದು ಕಡೆ ನಿಂತು ನಕ್ಕರು. ಯಾಕೆ ಎಂದು ಕೇಳಲಿಲ್ಲ. ಇದನ್ನು ಬರೆದ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಇನ್ನೊಂದು ಜಿಲ್ಲೆಯಲ್ಲಿದ್ದಾಳೆ ಎಂದೆ.

ನಕ್ಷೆಯ ಫೋಟೋ ತೆಗೆಸಿ, ಹಾಳೆಗಳ ಜೆರಾಕ್ಸ್ ಮಾಡಿಸಿ ಕೊಟ್ಟೆ. ಎದ್ದವರು ಮತ್ತೆ ಕುಳಿತರು.

"ಎರಡು ಮನೆ ತಪ್ಪಾಗಿವೆ. ಗುಡಿಯ ಹಿಂದಿನದು ಅಣ್ಣನದು, ಇಳಿಜಾರಿನದು ತಮ್ಮನದು. ಮುದುಕಿ ಅದಲುಬದಲು ಹೇಳಿದ್ದಾಳೆ" ಎಂದರು.

ಮೇಲ್ವಿಚಾರಣೆಯ ಕೆಂಪು ಪೆನ್ನು ಕೈಯಲ್ಲೇ ಇತ್ತು. ಜೆರಾಕ್ಸಿನಲ್ಲಿ ಬೇಡ, ಮೂಲದಲ್ಲೇ ತಿದ್ದಿ ಎಂದು ಅದನ್ನು ಅವರ ಕಡೆ ಸರಿಸಿದೆ.